ರಗ್ಬಿ ಆಡಿ ಹೊಟ್ಟೆ ತುಂಬುತ್ತಾ? ಕೊಡಗಿನ ಒಂದು ಮನೆಯಲ್ಲಿ ಎದ್ದ ಪ್ರಶ್ನೆ

2025ರ ಜೂನ್‌ನಲ್ಲಿ, ಮಳೆ ಹಿಡಿದು ನಾಲ್ಕು ದಿನ ಆಗಿತ್ತು, ಗೋಣಿಕೊಪ್ಪದ ಹತ್ರ ಇರೋ ಅಕ್ಕನ ಮನೆಗೆ ಹೋದ್ರೆ ಅಕ್ಕನ ಮಗ ಮನೆ ಕೆಳಗಿನ ಗದ್ದೆಯಲ್ಲಿ ಪಕ್ಕದ ಮನೆ ಹುಡುಗರನ್ನ ಸೇರಿಸ್ಕೊಂಡು ಮೊಟ್ಟೆ ಆಕಾರದ ಬಾಲ್ ಹಿಡ್ಕೊಂಡು ಓಡ್ತಿದ್ದ. ನಾಟಿಗೆ ಇನ್ನೂ ಟೈಮಿತ್ತು, ಗದ್ದೆ ಪೂರ್ತಿ ಕೆಸರು. ಹತ್ತೊಂಬತ್ತು ವರ್ಷದ ಹುಡುಗ, ಬೆಂಗಳೂರಲ್ಲಿ ಡಿಗ್ರಿ ಓದ್ತಿದಾನೆ, ಮೊನ್ನೆ ಮೊನ್ನೆವರೆಗೂ ಹಾಕಿಯಲ್ಲಿ ಫುಲ್‌ಬ್ಯಾಕ್ ಆಡ್ತಿದ್ದವನು. ರಾತ್ರಿ ಊಟಕ್ಕೆ ಕೂತಾಗ ಫೋನಲ್ಲಿ ಮುಂಬೈನ ರಗ್ಬಿ ಪ್ರೀಮಿಯರ್ ಲೀಗ್ ಮ್ಯಾಚ್ ತೋರಿಸಿ, ಮಾಮ ನಾನು ಇದನ್ನೇ ಸೀರಿಯಸ್ಸಾಗಿ ತಗೋಬೇಕು ಅಂತಿದೀನಿ ಅಂದ. ಅಕ್ಕ ನನ್ನ ಮುಖ ನೋಡಿದ್ಲು. ಇದರಲ್ಲಿ ಸಂಬಳ ಎಷ್ಟು, ಎಷ್ಟು ವರ್ಷ ಆಡಬಹುದು, ಆಮೇಲೇನು ಅಂತ ಅವಳು ಕೇಳಿದ್ದಕ್ಕೆ ನನ್ನ ಹತ್ರ ಅವತ್ತು ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿ, ಆಡಿದವರ ಹತ್ರ ಮಾತಾಡಿ, ನಂಗೆ ಅರ್ಥ ಆಗಿದ್ದನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ಈ ಪ್ರಶ್ನೆ ಇನ್ನೂ ನಾಲ್ಕು ಮನೆಗಳಲ್ಲಿ ಏಳೋದು ಗ್ಯಾರಂಟಿ.

ಮೊದಲು ಒಂದು ವಿಷಯ. ರಗ್ಬಿ ಯೂನಿಯನ್ ಆಟದಲ್ಲಿ ದುಡ್ಡು ಅನ್ನೋದೇ ಹೊಸದು. 1895ರಲ್ಲಿ ಇಂಗ್ಲೆಂಡ್‌ನ ಉತ್ತರದ ಇಪ್ಪತ್ತಕ್ಕೂ ಹೆಚ್ಚು ಕ್ಲಬ್‌ಗಳು ಹಡರ್ಸ್‌ಫೀಲ್ಡ್‌ನಲ್ಲಿ ಸೇರಿ ಬೇರೆಯಾಗಿದ್ದು ಯಾಕೆ ಗೊತ್ತಾ, ಗಣಿಯಲ್ಲಿ ಮಿಲ್ಲಲ್ಲಿ ದುಡಿಯೋ ಆಟಗಾರರು ಶನಿವಾರ ಮ್ಯಾಚ್‌ಗೆ ಹೋದ್ರೆ ಆ ದಿನದ ಕೂಲಿ ಹೋಗ್ತಿತ್ತು, ಆ ಕೂಲಿ ತುಂಬಿಕೊಡಿ ಅಂದ್ರೆ ದೊಡ್ಡೋರು ಒಪ್ಪಲಿಲ್ಲ. ಬೇರೆಯಾದವರ ಆಟವೇ ಮುಂದೆ ರಗ್ಬಿ ಲೀಗ್ ಆಯ್ತು, ತಂಡಕ್ಕೆ 13 ಜನ. ಉಳಿದಿದ್ದು ರಗ್ಬಿ ಯೂನಿಯನ್, 15 ಜನ, 80 ನಿಮಿಷ, ಅಲ್ಲಿ ಇನ್ನೂ 100 ವರ್ಷ ಆಟಗಾರನಿಗೆ ಸಂಬಳ ಕೊಡಬಾರದು ಅನ್ನೋ ನಿಯಮವೇ ನಡೀತು. 1995ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಮಂಡಳಿ ಆ ನಿಯಮ ತೆಗೆದುಹಾಕ್ತು. ಅಲ್ಲೀವರೆಗೂ ದೇಶಕ್ಕೆ ಆಡ್ತಿದ್ದವರು ಡಾಕ್ಟರೋ ಪೊಲೀಸೋ ರೈತರೋ ಆಗಿರ್ತಿದ್ರು, ಆಟ ಮುಗಿದ ಮೇಲೆ ಅವರ ಕೆಲಸ ಅವರಿಗೆ ಇರ್ತಿತ್ತು. ಅಂದ್ರೆ ಬರೀ ರಗ್ಬಿ ಆಡಿಯೇ ಜೀವನ ಮಾಡಿದ ಮೊದಲ ತಲೆಮಾರಿಗೆ ಈಗ ಐವತ್ತು ವರ್ಷದ ಹತ್ತಿರ. ಆ ತಲೆಮಾರಿಗೆ ಏನಾಯ್ತು ಅಂತ ನೋಡಿದ್ರೆ ನಮ್ಮ ಹುಡುಗನಿಗೆ ಏನಾಗಬಹುದು ಅನ್ನೋದು ಸ್ವಲ್ಪ ಕಾಣುತ್ತೆ.

ಈ ವೃತ್ತಿ ಹೆಂಗೆ ನಡೆಯುತ್ತೆ ಅಂದ್ರೆ, ಇಂಗ್ಲೆಂಡ್ ಫ್ರಾನ್ಸ್ ದಕ್ಷಿಣ ಆಫ್ರಿಕಾದಲ್ಲಿ ಹದಿನಾರು ಹದಿನೇಳಕ್ಕೆ ಹುಡುಗನನ್ನ ಕ್ಲಬ್‌ನ ಅಕಾಡೆಮಿಗೆ ತಗೋತಾರೆ, ಹದಿನೆಂಟರ ಮೇಲೆ ಸಣ್ಣದೊಂದು ಕಾಂಟ್ರಾಕ್ಟ್, ಅಲ್ಲೇ ತುಂಬ ಜನ ಉದುರಿ ಹೋಗ್ತಾರೆ. ಉಳಿದವರಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷದ ಕಾಂಟ್ರಾಕ್ಟ್. ಅದು ಮುಗಿಯೋ ಹೊತ್ತಿಗೆ ಮಂಡಿ ಗಟ್ಟಿ ಇದ್ದು ಫಾರ್ಮ್ ಚೆನ್ನಾಗಿದ್ರೆ ಮುಂದಿನದು, ಇಲ್ಲಾಂದ್ರೆ ಬ್ಯಾಗ್ ಕಟ್ಟೋದು. ಮೂವತ್ತು ದಾಟಿದ ಮೇಲೆ ಒಂದೊಂದು ಸೀಸನ್ನೂ ಲೆಕ್ಕ. ಐರ್ಲೆಂಡ್‌ನ ಜಾನಿ ಸೆಕ್ಸ್‌ಟನ್ 2023ರ ವರ್ಲ್ಡ್ ಕಪ್‌ನಲ್ಲಿ 38ರ ವಯಸ್ಸಲ್ಲಿ ಆಡಿದ್ರು, ಅಂಥವರು ಬೆರಳೆಣಿಕೆಯಷ್ಟು. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ 43ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆದ್ರು, ಅದನ್ನ ನೋಡಿ ಬೆಳೆದ ಮಕ್ಕಳಿಗೆ ಕ್ರೀಡೆ ಅಂದ್ರೆ ನಲವತ್ತರವರೆಗೂ ಎಳೀಬಹುದು ಅನ್ಸುತ್ತೆ, ಟೆನಿಸ್‌ನಲ್ಲಿ ಡಬಲ್ಸ್ ಅಂತ ಒಂದು ದಾರಿ ಇದೆ. ರಗ್ಬಿಯಲ್ಲಿ ವಯಸ್ಸಾದ ಮೈಗೆ ಅಂಥ ಪಕ್ಕದ ದಾರಿ ಯಾವುದೂ ಇಲ್ಲ.

ಒಬ್ಬನ ಬದುಕನ್ನೇ ತಗೊಂಡು ನೋಡೋಣ. ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ. ಎತ್ತರ ಐದಡಿ ಏಳಿಂಚು ಅಷ್ಟೇ, ರಗ್ಬಿಗೆ ಕುಳ್ಳ ಅಂತಲೇ ಲೆಕ್ಕ. 2016ರ ರಿಯೋ ಒಲಿಂಪಿಕ್ಸ್‌ನ ಸೆವೆನ್ಸ್‌ನಲ್ಲಿ, ಅಂದ್ರೆ ಕಡೆಗೆ ಏಳು ಜನ ಆಡೋ ರಗ್ಬಿಯಲ್ಲಿ, ಕಂಚು ಗೆದ್ದವನು, ಆದ್ರೂ ಸ್ವಂತ ದೇಶದ ಮುಖ್ಯ ತಂಡದಲ್ಲಿ ಜಾಗ ಸಿಗ್ದೆ 2017ರಲ್ಲಿ ಕೇಪ್‌ಟೌನ್ ಬಿಟ್ಟು ಫ್ರಾನ್ಸ್‌ನ ಟುಲೂಸ್‌ಗೆ ಹೋದ. ಅಲ್ಲಿ ಎಷ್ಟು ಚೆನ್ನಾಗಿ ಆಡಿದ ಅಂದ್ರೆ ದೇಶದವರೇ ವಾಪಸ್ ಕರೆದ್ರು, 2019ರ ವರ್ಲ್ಡ್ ಕಪ್ ಫೈನಲ್‌ನಲ್ಲಿ ಟ್ರೈ ಹೊಡೆದ (ಎದುರಾಳಿ ಗೆರೆ ದಾಟಿ ಬಾಲ್ ನೆಲಕ್ಕೆ ಒತ್ತಿ ಅಂಕ ತಗೊಳ್ಳೋದು), ಆಮೇಲೆ ಟುಲೋನ್, 2023ರಲ್ಲಿ ಇನ್ನೊಂದು ವರ್ಲ್ಡ್ ಕಪ್, ಆಮೇಲೆ ಜಪಾನ್‌ನ ಸನ್‌ಟೋರಿ ಕಂಪನಿ ತಂಡ. ಆರೇ ವರ್ಷದಲ್ಲಿ ಮೂರು ದೇಶ, ನಾಲ್ಕು ಮನೆ, ಹೆಂಡ್ತಿ ಮಕ್ಕಳು ಹೊಸ ಹೊಸ ಭಾಷೆ ಕಲಿಯೋದು. ಅತ್ಯಂತ ಯಶಸ್ವಿ ಆಟಗಾರನ ಕಥೆ ಇದು, ಇದಕ್ಕಿಂತ ಮೇಲೆ ಹೋಗೋಕಾಗಲ್ಲ, ಅವನಿಗೂ ನೆಲೆ ಅನ್ನೋದು ಕಾಂಟ್ರಾಕ್ಟ್ ಮುಗಿಯೋವರೆಗೆ ಮಾತ್ರ. ದಕ್ಷಿಣ ಆಫ್ರಿಕಾ ಹೊರದೇಶದಲ್ಲಿ ಆಡೋರನ್ನೂ ಟೀಮಿಗೆ ತಗೊಳ್ಳುತ್ತೆ ಅನ್ನೋದು ಅವನ ಅದೃಷ್ಟ, ನ್ಯೂಜಿಲೆಂಡ್ ಇಂಗ್ಲೆಂಡ್‌ನಲ್ಲಾದ್ರೆ ಸಾಮಾನ್ಯವಾಗಿ ಹೊರಗೆ ಹೋದವನಿಗೆ ದೇಶದ ಜೆರ್ಸಿ ಇಲ್ಲ. ದುಡ್ಡು ಬೇಕಾ ಜೆರ್ಸಿ ಬೇಕಾ ಅನ್ನೋ ಪ್ರಶ್ನೆ ಅಲ್ಲಿ ಇಪ್ಪತ್ತೈದು ಇಪ್ಪತ್ತಾರರ ಹುಡುಗರ ಮುಂದೆ ಬಂದು ನಿಲ್ಲುತ್ತೆ.

ಇನ್ನು ಕ್ಲಬ್‌ಗಳ ವಿಷಯ. ದೊಡ್ಡ ದೇಶದ ದೊಡ್ಡ ಕ್ಲಬ್ ಅಂದ್ರೆ ಬ್ಯಾಂಕ್ ಇದ್ದಂಗೆ ಗಟ್ಟಿ ಅಂತ ನಾನೂ ಅಂದ್ಕೊಂಡಿದ್ದೆ. ಇಂಗ್ಲೆಂಡ್‌ನ ಪ್ರೀಮಿಯರ್‌ಶಿಪ್‌ನಲ್ಲಿ 13 ಕ್ಲಬ್ ಇತ್ತು, 2022ರ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ವೂಸ್ಟರ್ ಮುಳುಗ್ತು, ಹಿಂದೆಯೇ ವಾಸ್ಪ್ಸ್, 2023ರ ಜೂನ್‌ಗೆ ಲಂಡನ್ ಐರಿಷ್. ಮೂರು ಕ್ಲಬ್ ಒಂದೇ ವರ್ಷದೊಳಗೆ. ವಾಸ್ಪ್ಸ್ ಅಂದ್ರೆ ಯುರೋಪ್ ಚಾಂಪಿಯನ್ ಆಗಿದ್ದ ಕ್ಲಬ್, ಒಂದೇ ದಿನ 167 ಜನರಿಗೆ ಕೆಲಸ ಇಲ್ಲ ಅಂತ ಹೇಳಿದ್ರು, ಅದೂ ಸೀಸನ್ ಶುರುವಾಗಿ ಉಳಿದ ಎಲ್ಲಾ ತಂಡಗಳ ಜಾಗ ಭರ್ತಿ ಆದ ಮೇಲೆ. ಕಾರಣ ತೀರಾ ಗುಟ್ಟಿನದ್ದಲ್ಲ, ಟಿವಿ ದುಡ್ಡು ಮತ್ತೆ ಟಿಕೆಟ್ ದುಡ್ಡು ಸಂಬಳಕ್ಕೆ ಸಾಲಲ್ಲ, ಮಾಲೀಕ ತನ್ನ ಜೇಬಿಂದ ತುಂಬ್ತಿರ್ತಾನೆ, ಕೋವಿಡ್‌ನಲ್ಲಿ ಗೇಟ್ ಕಲೆಕ್ಷನ್ ನಿಂತು ಸಾಲ ಬೆಳೀತು, ಮಾಲೀಕನ ಕೈ ಸೋತ್ರೆ ಕ್ಲಬ್ ಸೋತಂಗೆ. ಜನ ಕಿಕ್ಕಿರಿದು ದುಡ್ಡು ಬರೋದು ದೇಶ ದೇಶದ ಮ್ಯಾಚ್‌ಗಳಿಗೆ, ಆ ದುಡ್ಡು ಮೊದಲು ಹೋಗೋದು ಆಯಾ ದೇಶದ ಯೂನಿಯನ್‌ಗೆ, ಅಂದ್ರೆ ಅಲ್ಲಿನ ರಗ್ಬಿ ಮಂಡಳಿಗೆ, ಆಟಗಾರನಿಗೆ ವರ್ಷಪೂರ್ತಿ ಸಂಬಳ ಕೊಡೋನು ಕ್ಲಬ್ಬಿನವನು. ಈ ಎರಡರ ನಡುವೆ ಇರೋ ಗ್ಯಾಪಲ್ಲೇ ಆಟಗಾರರು ಬೀಳ್ತಿರೋದು. 2024ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ರೆಬೆಲ್ಸ್ ಆ ಕಡೆಯ ದೊಡ್ಡ ಲೀಗ್ ಆದ ಸೂಪರ್ ರಗ್ಬಿಯಿಂದ ಹೋಗಿದ್ದೂ ಸಾಲದ ಕಥೆಯೇ.

ಸಂಬಳದ ವಿಷಯ ಹಾಗಾದ್ರೆ ತಲೆಯದ್ದು ಅದಕ್ಕಿಂತ ದೊಡ್ಡದು, ಇದನ್ನ ನಾನು ಸ್ವಲ್ಪ ಉದ್ದವಾಗೇ ಹೇಳ್ತೀನಿ. ಸ್ಟೀವ್ ಥಾಂಪ್ಸನ್ ಅಂತ, 2003ರಲ್ಲಿ ವರ್ಲ್ಡ್ ಕಪ್ ಗೆದ್ದ ಇಂಗ್ಲೆಂಡ್ ತಂಡದ ಹುಕ್ಕರ್. ಹುಕ್ಕರ್ ಅಂದ್ರೆ ಸ್ಕ್ರಮ್‌ನಲ್ಲಿ, ಅಂದ್ರೆ ಎರಡೂ ತಂಡದವರು ಬಗ್ಗಿ ಹೆಗಲು ಕೊಟ್ಟು ಎದುರುಬದುರು ತಳ್ಳೋವಾಗ, ಮುಂದಿನ ಸಾಲಿನ ಮಧ್ಯ ಇರೋನು, ಎರಡೂ ಕಡೆಯ ಎಂಟೆಂಟು ಜನರ ತೂಕ ಅವನ ಕುತ್ತಿಗೆ ಹತ್ರ ಬಂದು ಸೇರುತ್ತೆ. 2020ರ ಡಿಸೆಂಬರ್‌ನಲ್ಲಿ, ಇನ್ನೂ ನಲವತ್ತೆರಡು ವರ್ಷ, ತನಗೆ ಮರೆವಿನ ಕಾಯಿಲೆ ಶುರುವಾಗಿದೆ, ಆ ವರ್ಲ್ಡ್ ಕಪ್ ಗೆದ್ದಿದ್ದೇ ನೆನಪಿಲ್ಲ ಅಂತ ಅವರು ಹೇಳಿದ್ರು. ಜೀವನದಲ್ಲಿ ಅತಿ ದೊಡ್ಡ ದಿನ, ಇಡೀ ದೇಶಕ್ಕೆ ನೆನಪಿದೆ, ಆಡಿದವನಿಗೆ ಇಲ್ಲ. ಇದನ್ನ ಓದಿದ ರಾತ್ರಿ ನಂಗೆ ನಿದ್ದೆ ಸರಿಯಾಗಿ ಬರಲಿಲ್ಲ. ವೇಲ್ಸ್‌ನ ಮಾಜಿ ಕ್ಯಾಪ್ಟನ್ ರಯಾನ್ ಜೋನ್ಸ್ 2022ರಲ್ಲಿ ಅದೇ ಥರದ ಸುದ್ದಿ ಹೇಳಿದ್ರು. ತಮ್ಮನ್ನ ಸರಿಯಾಗಿ ಕಾಪಾಡಲಿಲ್ಲ ಅಂತ ನೂರಾರು ಮಾಜಿ ಆಟಗಾರರು ಅಂತರರಾಷ್ಟ್ರೀಯ ಮಂಡಳಿಯಾದ ವರ್ಲ್ಡ್ ರಗ್ಬಿ ಮತ್ತೆ ಇಂಗ್ಲೆಂಡ್ ವೇಲ್ಸ್ ಯೂನಿಯನ್‌ಗಳ ಮೇಲೆ ಕೋರ್ಟಿಗೆ ಹೋಗಿದಾರೆ.

ಡಾಕ್ಟರುಗಳು ಹೇಳೋದು, ಜ್ಞಾನ ತಪ್ಪೋ ಥರದ ಒಂದು ದೊಡ್ಡ ಏಟಷ್ಟೇ ಅಲ್ಲ, ವರ್ಷಗಟ್ಟಲೆ ಪ್ರಾಕ್ಟೀಸಲ್ಲಿ ಬೀಳೋ ಸಣ್ಣ ಸಣ್ಣ ಏಟುಗಳೂ ಸೇರಿ ಸೇರಿ ಮೆದುಳಿಗೆ ಹಾನಿ ಮಾಡ್ತವೆ ಅಂತ. ಅದಕ್ಕೇ ಈಗ ನಿಯಮಗಳು ಬಿಗಿಯಾಗಿವೆ. ತಲೆಗೆ ಏಟು ಬಿದ್ದ ಅನುಮಾನ ಬಂದ್ರೆ ಆಟಗಾರನನ್ನ ಹೊರಗೆ ಕರೆದು ಡಾಕ್ಟರ್ ಪರೀಕ್ಷೆ ಮಾಡಬೇಕು, ತಲೆಗೆ ಅಪಾಯ ಆಗೋ ಥರ ಟ್ಯಾಕಲ್ ಮಾಡಿದ್ರೆ (ಬಾಲ್ ಹಿಡಿದು ಓಡೋನನ್ನ ತಬ್ಬಿ ಕೆಡವೋದು) ರೆಡ್ ಕಾರ್ಡ್‌ವರೆಗೂ ಹೋಗುತ್ತೆ, 2024ರ ಜನವರಿಯಿಂದ ಮೇಲಿನ ಮಟ್ಟದಲ್ಲಿ ಹಲ್ಲಿಗೆ ಹಾಕ್ಕೊಳ್ಳೋ, ಸೆನ್ಸರ್ ಇರೋ ಮೌತ್‌ಗಾರ್ಡ್ ಬಂದಿದೆ, ತಲೆಗೆ ಎಷ್ಟು ಜೋರಾಗಿ ಕುಲುಕು ಬಿತ್ತು ಅನ್ನೋದು ಪಕ್ಕದಲ್ಲಿ ಕೂತ ಡಾಕ್ಟರ್‌ಗೆ ಸಿಗ್ನಲ್ ಬರುತ್ತೆ. ಇಂಗ್ಲೆಂಡ್‌ನಲ್ಲಿ ಊರ ಮಟ್ಟದ ಆಟಕ್ಕೆ 2023ರಿಂದ ಟ್ಯಾಕಲ್ ಎದೆಮೂಳೆಯ ಕೆಳಗೇ ಇರಬೇಕು ಅಂತ ನಿಯಮ ಮಾಡಿದಾರೆ.

ನಾನು ಕಾಲೇಜಲ್ಲಿ ಹಾಕಿ ಆಡೋವಾಗ ಒಂದು ಟೂರ್ನಮೆಂಟ್‌ನಲ್ಲಿ ಶಾರ್ಟ್ ಕಾರ್ನರ್ ತಡೆಯೋಕೆ ಓಡಿ ಹಣೆಗೆ ಬಾಲ್ ಬಿತ್ತು. ನಮ್ಮ ಕೋಚ್ ನೀರು ಚಿಮುಕಿಸಿ ಕರ್ಚೀಫ್ ಕಟ್ಟಿ ಮತ್ತೆ ಇಳಿಸಿದ್ರು, ನಾನೂ ವೀರನ ಥರ ಇಳಿದೆ, ಸೆಕೆಂಡ್ ಹಾಫ್‌ನಲ್ಲಿ ಏನಾಯ್ತು ಅಂತ ಇವತ್ತಿಗೂ ನೆನಪಿಲ್ಲ, ಸಂಜೆ ಬಸ್ಸಲ್ಲಿ ಎರಡು ಸಲ ವಾಂತಿ ಮಾಡಿದ್ದು ಮಾತ್ರ ನೆನಪಿದೆ. ಆಗ ಯಾರಿಗೂ ಇದು ತಪ್ಪು ಅಂತ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಗೊತ್ತಿದ್ದೂ ಡಾಕ್ಟರ್ ಇಲ್ಲದ ಗ್ರೌಂಡಲ್ಲಿ ಹದಿನೈದರ ಮಕ್ಕಳಿಗೆ ಟ್ಯಾಕಲ್ ಹೇಳಿಕೊಟ್ರೆ ಅದು ಅಪರಾಧ ಅಂತಲೇ ನಾನು ಹೇಳ್ತೀನಿ.

ಆ ಕೆಸರುಗದ್ದೆಯಲ್ಲಿ ಅಕ್ಕನ ಮಗ ಹುಡುಗರಿಗೆ ಹೇಳಿಕೊಡ್ತಿದ್ದಿದ್ದು ನೋಡಿ ನಂಗೆ ಸ್ವಲ್ಪ ಸಮಾಧಾನ ಆಯ್ತು. ಓಡಿ ಬರೋನ ಎಡಗಡೆಗೆ ನುಗ್ಗೋದಾದ್ರೆ ನಿನ್ನ ಎಡ ಕಾಲು ಅವನ ಹತ್ರ ಹೋಗಬೇಕು, ಭುಜ ತೊಡೆಗೆ ತಾಗಬೇಕು, ತಲೆ ಅವನ ಹಿಂದೆ ಹೋಗಬೇಕು, ಕೆನ್ನೆ ಅವನ ಸೊಂಟದ ಹಿಂದಕ್ಕೆ ಅಂಟಿರಬೇಕು, ತಪ್ಪಿ ತಲೆ ಮುಂದೆ ಹೋದ್ರೆ ಅವನ ಮಂಡಿ ನಿನ್ನ ಕಪಾಳಕ್ಕೆ. ಒಂದೇ ಹುಡುಗನಿಗೆ ಹನ್ನೆರಡು ಹದಿಮೂರು ಸಲ ನಿಧಾನಕ್ಕೆ, ನಡ್ಕೊಂಡೇ, ಮಂಡಿ ಊರಿಸಿ ಮಾಡಿಸ್ದ. ಯಾರೋ ಅವನಿಗೆ ಸರಿಯಾಗಿ ಹೇಳಿಕೊಟ್ಟಿದಾರೆ.

ಈಗ ನಮ್ಮೂರಿನ ಲೆಕ್ಕಕ್ಕೆ ಬರ್ತೀನಿ. ಕೊಡಗು ಅಂದ್ರೆ ಹಾಕಿ, ಇದನ್ನ ಯಾರಿಗೂ ಹೇಳಿಕೊಡಬೇಕಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನ ಸೇರಿಸಿ ಶುರು ಮಾಡಿದ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಆಗಿ ಗಿನ್ನೆಸ್ ದಾಖಲೆ ಸೇರ್ತು. ಆದ್ರೆ ನಮ್ಮ ಹಾಕಿ ಹಬ್ಬದ ಹಿಂದೆ ಇನ್ನೊಂದು ಇತ್ತು, ಅದನ್ನ ನಾವು ಜಾಸ್ತಿ ಮಾತಾಡಲ್ಲ, ಅದು ನೌಕರಿ. ಎಂ.ಪಿ. ಗಣೇಶ್ ಸೇನೆಯ ತಂಡದಿಂದ ಮೇಲೆ ಬಂದವರು, 1980ರ ಒಲಿಂಪಿಕ್ಸ್ ಚಿನ್ನ ಗೆದ್ದ ಎಂ.ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂನಲ್ಲಿ ಕೆಲಸದಲ್ಲಿದ್ದವರು. ಅವರಷ್ಟು ಎತ್ತರಕ್ಕೆ ಹೋಗದ ನೂರಾರು ಜನ ಬ್ಯಾಂಕು ರೈಲ್ವೆ ಪೊಲೀಸು ಸೇನೆ ಅಂತ ಸೇರ್ಕೊಂಡು ಮೂವತ್ತರವರೆಗೆ ಸ್ಟಿಕ್ ಹಿಡಿದು, ಆಮೇಲೆ ಅದೇ ಆಫೀಸಲ್ಲಿ ಕುರ್ಚಿ ಹಿಡಿದು, ಅರವತ್ತಕ್ಕೆ ರಿಟೈರ್ ಆಗಿ ಊರಿಗೆ ಬಂದು ತೋಟ ನೋಡ್ಕೊಂಡಿದಾರೆ. ಪ್ರತಿ ಒಕ್ಕದಲ್ಲೂ, ಅಂದ್ರೆ ಮನೆತನದಲ್ಲೂ, ಇಂಥ ಒಬ್ಬ ಚಿಕ್ಕಪ್ಪ ಸಿಗ್ತಾರೆ. ಹಾಕಿ ಆಡೋಕೆ ಮನೆಯವರು ಬಿಟ್ಟಿದ್ದು ಆಟದ ಪ್ರೀತಿಗೆ ನಿಜ, ಆದ್ರೆ ಆ ಪ್ರೀತಿಗೆ ಧೈರ್ಯ ಕೊಟ್ಟಿದ್ದು ಆ ನೌಕರಿಯೇ.

ಲೀಗ್ ಅನ್ನೋದು ಬೇರೆ ಥರ. ರಗ್ಬಿ ಪ್ರೀಮಿಯರ್ ಲೀಗ್‌ನ ಮೊದಲ ಸೀಸನ್ 2025ರ ಜೂನ್ 15ರಿಂದ 29ರವರೆಗೆ ಮುಂಬೈನಲ್ಲಿ ನಡೀತು, ಬೆಂಗಳೂರು ಸೇರಿ ಆರು ತಂಡ, ಚೆನ್ನೈ ಗೆಲ್ತು. ಆಡಿದ್ದು ಸೆವೆನ್ಸ್, ಅಂದ್ರೆ ಅದೇ ದೊಡ್ಡ ಗ್ರೌಂಡಲ್ಲಿ ಕಡೆಗೆ ಏಳೇ ಜನ. ಫಿಜಿ, ನ್ಯೂಜಿಲೆಂಡ್, ಅರ್ಜೆಂಟೀನಾದ ದೊಡ್ಡ ಆಟಗಾರರ ಜೊತೆ ನಮ್ಮ ಹುಡುಗರು ಓಡಿದ್ದು ನೋಡೋಕೆ ನಿಜಕ್ಕೂ ಖುಷಿ ಆಯ್ತು, ಅದನ್ನ ಕಮ್ಮಿ ಮಾಡಿ ಹೇಳೋಕೆ ನಂಗೆ ಇಷ್ಟ ಇಲ್ಲ. ಆದ್ರೆ ಎರಡು ವಾರ. ವರ್ಷಕ್ಕೆ 52 ವಾರ, ಉಳಿದ 50ಕ್ಕೆ ಯಾರು ಸಂಬಳ ಕೊಡ್ತಾರೆ, ಜಿಮ್ಮು ಊಟ ಫಿಸಿಯೋ ಯಾರದು, ಆ ಎರಡು ವಾರದಲ್ಲಿ ಮಂಡಿ ಲಿಗಮೆಂಟ್ ಹರಿದ್ರೆ ಆಪರೇಷನ್ ಮತ್ತೆ ಆಮೇಲಿನ ಎಂಟು ಒಂಬತ್ತು ತಿಂಗಳು ಯಾರ ಲೆಕ್ಕ? ಹಾಕಿಯವರಿಗೆ ಇದು ಗೊತ್ತಿರೋ ಪಾಠ, 2013ರಲ್ಲಿ ಭಾರಿ ಸದ್ದು ಮಾಡಿ ಬಂದ ಹಾಕಿ ಇಂಡಿಯಾ ಲೀಗ್ 2017ಕ್ಕೆ ನಿಂತು ಹೋಯ್ತು, ಮತ್ತೆ ಶುರುವಾಗಿದ್ದು 2024ರ ಕೊನೆಗೆ. ಆ ಏಳು ವರ್ಷದಲ್ಲಿ ಒಬ್ಬ ಆಟಗಾರನ ಅತ್ಯುತ್ತಮ ವಯಸ್ಸು ಪೂರ್ತಿ ಕಳೆದು ಹೋಗುತ್ತೆ, ಹಾಕಿ ಹುಡುಗರು ಬದುಕಿದ್ದು ನೌಕರಿ ಇದ್ದಿದ್ದಕ್ಕೆ.

ಒಂದು ಒಳ್ಳೇ ಸುದ್ದಿ ಇದೆ, ತುಂಬ ಜನರಿಗೆ ಗೊತ್ತಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಸ್ಪೋರ್ಟ್ಸ್ ಕೋಟಾ ನೌಕರಿಯ ಪಟ್ಟಿಯನ್ನ 43 ಆಟದಿಂದ 63ಕ್ಕೆ ಏರಿಸ್ತು, ಅದರಲ್ಲಿ ರಗ್ಬಿ ಇದೆ, ನಮ್ಮ ಕೈಲ್‌ಪೊಳ್ದ್ ಹಬ್ಬದಲ್ಲೂ ಕೆಸರುಗದ್ದೆಯಲ್ಲೂ ಎಳೆಯೋ ಹಗ್ಗಜಗ್ಗಾಟವೂ ಇದೆ. 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ರಗ್ಬಿ ಸೆವೆನ್ಸ್ ಇತ್ತು. ಸೇನೆಯಲ್ಲಿ ಮೊದಲಿಂದಲೂ ಗಟ್ಟಿ ರಗ್ಬಿ ತಂಡ ಇದೆ. ಅಂದ್ರೆ ಲೀಗಲ್ಲಿ ಸೇರೋದಕ್ಕಿಂತ ಮೊದಲು ಯೂನಿವರ್ಸಿಟಿ ತಂಡ, ರಾಜ್ಯ ತಂಡ, ಅಲ್ಲಿನ ಸರ್ಟಿಫಿಕೇಟು, ಇವೇ ನಮ್ಮ ಹುಡುಗನಿಗೆ ನಿಜವಾದ ಆಸ್ತಿ. ಫೋಟೋ ರೀಲ್ಸ್ ಎಲ್ಲ ಆಮೇಲೆ.

ಜಪಾನ್ ಇದನ್ನೇ ಮಾಡ್ಕೊಂಡು ಬಂದಿದೆ ಅನ್ನೋದು ನಂಗೆ ಆಶ್ಚರ್ಯ ಆಯ್ತು. ಅಲ್ಲಿ ಟೊಯೊಟಾ, ಪ್ಯಾನಸೋನಿಕ್, ಸನ್‌ಟೋರಿ ಅಂತ ಕಂಪನಿಗಳೇ ತಂಡ ಕಟ್ಟಿದ್ದು, ಈಗ 2022ರಿಂದ ಲೀಗ್ ಒನ್ ಅಂತ ಹೊಸ ರೂಪ. ವಿದೇಶಿ ಸ್ಟಾರ್‌ಗಳು ಪೂರ್ತಿ ಪ್ರೊಫೆಷನಲ್, ಆದ್ರೆ ಜಪಾನಿ ಆಟಗಾರರಲ್ಲಿ ಎಷ್ಟೋ ಜನ ಅದೇ ಕಂಪನಿಯ ಉದ್ಯೋಗಿಗಳು, ಆಡೋದು ನಿಂತ ಮೇಲೆ ಅದೇ ಕಂಪನಿಯ ಆಫೀಸಿಗೆ ಹೋಗ್ತಾರೆ. ನಮ್ಮ ಬ್ಯಾಂಕ್ ಹಾಕಿ ತಂಡಗಳ ಥರಾನೇ. ಇಂಗ್ಲೆಂಡ್‌ನಲ್ಲಿ ಕ್ಲಬ್ ಮುಳುಗಿದಾಗ ಬೀದಿಗೆ ಬಂದವರನ್ನ ನೋಡಿದ ಮೇಲೆ ಈ ಹಳೇ ಪದ್ಧತಿ ಹಿಂದುಳಿದದ್ದು ಅಂತ ನಂಗೆ ಅನ್ಸಲ್ಲ.

ಫಿಜಿಯ ಕಥೆಯನ್ನೂ ಹೇಳಲೇಬೇಕು, ಅದು ಕೊಡಗಿಗೆ ತುಂಬ ಹತ್ತಿರ. ಇಡೀ ದೇಶದ ಜನಸಂಖ್ಯೆ ಒಂಬತ್ತು ಲಕ್ಷದ ಆಸುಪಾಸು, ನಮ್ಮ ಜಿಲ್ಲೆಯದ್ದು 2011ರ ಗಣತಿಯಲ್ಲಿ ಐದೂವರೆ ಲಕ್ಷ. ಅಷ್ಟು ಸಣ್ಣ ಜಾಗ 2016ರ ರಿಯೋದಲ್ಲಿ ಬ್ರಿಟನ್‌ನ 43-7ರಲ್ಲಿ ಹೊಡೆದು ದೇಶದ ಮೊಟ್ಟಮೊದಲ ಒಲಿಂಪಿಕ್ ಪದಕವನ್ನೇ ಚಿನ್ನವಾಗಿ ತಂತು, ಆ ಖುಷಿಗೆ 7 ಡಾಲರ್‌ನ ನೋಟನ್ನೇ ಅಚ್ಚು ಹಾಕಿಸಿದ್ರು, ಟೋಕಿಯೋದಲ್ಲಿ ಮತ್ತೆ ಚಿನ್ನ. ಆದ್ರೆ ಅಲ್ಲಿನ ಒಳ್ಳೊಳ್ಳೇ ಆಟಗಾರರು ಸಂಬಳಕ್ಕೆ ಫ್ರಾನ್ಸ್‌ಗೆ ಹೋಗಲೇಬೇಕಿತ್ತು, ನಮ್ಮ ಕಡೆಯವರು ಗಲ್ಫ್‌ಗೆ ಹೋಗಿ ಮನೆಗೆ ದುಡ್ಡು ಕಳಿಸೋ ಥರ. ಮನೆಯಲ್ಲೇ ಇದ್ದು ಸಂಬಳಕ್ಕೆ ಆಡೋ ತಂಡ, ಫಿಜಿಯನ್ ದ್ರುವಾ, ಸೂಪರ್ ರಗ್ಬಿಗೆ ಸೇರಿದ್ದು 2022ರಲ್ಲಿ. ಪ್ರತಿಭೆ ಎಷ್ಟೇ ಇರಲಿ, ಊರಲ್ಲೇ ಸಂಬಳದ ತಂಡ ನಿಲ್ಲೋಕೆ ಅಷ್ಟು ವರ್ಷ ಹಿಡೀತು.

ನಮ್ಮಲ್ಲಿ ಹುಡುಗರ ಮೈಕಟ್ಟಿಗೆ, ದಮ್ಮಿಗೆ ಕೊರತೆ ಇಲ್ಲ. ಒಡಿಶಾದ ಭುವನೇಶ್ವರದಲ್ಲಿ ಕಿಸ್ ಶಾಲೆಯ ಆದಿವಾಸಿ ಮಕ್ಕಳು 2007ರಲ್ಲೇ ಲಂಡನ್‌ಗೆ ಹೋಗಿ 14 ವರ್ಷದೊಳಗಿನವರ ಟೂರ್ನಿ ಗೆದ್ದು ಬಂದ್ರು, ರಗ್ಬಿ ಗೊತ್ತಿಲ್ಲದ ಊರಿಂದ. ಅಲ್ಲಿ ಹಾಸ್ಟೆಲ್, ಊಟ, ಓದು, ಕೋಚ್ ಎಲ್ಲ ಒಂದೇ ಕಡೆ ಇತ್ತು. ಕೂಡಿಗೆ, ಪೊನ್ನಂಪೇಟೆಯಲ್ಲಿ ನಾವು ಹಾಕಿಗೆ ಅದನ್ನೇ ಮಾಡಿದೀವಿ, ರಗ್ಬಿಗೂ ಒಬ್ಬ ತರಬೇತಿ ಆದ ಕೋಚ್ ಮತ್ತೆ ವಾರಕ್ಕೆ ಎರಡು ದಿನ ಗ್ರೌಂಡ್ ಕೊಟ್ರೆ ಸಾಕು, ಮೊದಲ ಎರಡು ವರ್ಷ ಟ್ಯಾಕಲ್ ಇಲ್ಲದ ಟಚ್ ರಗ್ಬಿನೇ ಆಡ್ಲಿ.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು. ಆಡ್ಲಿ ಬಿಡು, ಆದ್ರೆ ಡಿಗ್ರಿ ಬಿಡೋ ಮಾತು ಬೇಡ, ಮೊದಲು ಯೂನಿವರ್ಸಿಟಿ ಟೀಮು. ಯಾವ ಕ್ಲಬ್ಬೋ ಲೀಗೋ ಪೇಪರ್ ತಂದ್ರೆ ಸೈನ್ ಮಾಡೋಕೆ ಮುಂಚೆ ಇನ್ಶೂರೆನ್ಸ್ ಎಷ್ಟು, ಗಾಯ ಆದ್ರೆ ಎಷ್ಟು ತಿಂಗಳು ಸಂಬಳ, ತಲೆಗೆ ಏಟಾದ್ರೆ ಇಳಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡೋನು ಕೋಚಾ ಡಾಕ್ಟರಾ, ಇದನ್ನ ಬರವಣಿಗೆಯಲ್ಲಿ ಕೇಳಬೇಕು. ಅವಳು ಕಣದಲ್ಲಿ ಕೂತು ಒಣಗಿದ ಮೆಣಸು ಗೂಡಿಸ್ತಾ ಎಲ್ಲ ಕೇಳಿಸ್ಕೊಂಡು, ಅವನಿಗೆ ತಲೆಗೆ ಏನಾದ್ರೂ ಆದ್ರೆ ನಿನ್ನ ಬಿಡಲ್ಲ ನೋಡು ಅಂದ್ಲು.

ಅಂಗಡಿಯಲ್ಲಿ ಸಿಗೋ ಬಿಸಿನೀರಲ್ಲಿ ಅದ್ದಿ ಕಚ್ಚೋ ಮೌತ್‌ಗಾರ್ಡ್ ಅವನಿಗೆ ಸರಿಯಾಗಿ ಕೂರ್ತಿಲ್ಲ, ಓಡೋವಾಗ ಉಗುಳಿ ಜೇಬಿಗೆ ಹಾಕ್ಕೋತಾನೆ. ಹಲ್ಲಿನ ಅಚ್ಚು ತೆಗೆದು ಮಾಡಿಸಿದ್ದಾದ್ರೆ ಗಟ್ಟಿಯಾಗಿ ನಿಲ್ಲುತ್ತೆ, ಮಾತಾಡೋಕೂ ಬರುತ್ತೆ. ಈ ಶನಿವಾರ ವಿರಾಜಪೇಟೆಗೆ ಡೆಂಟಿಸ್ಟ್ ಹತ್ರ ಅಳತೆ ಕೊಡೋಕೆ ಹೋಗ್ತಿದೀವಿ, ಅಕ್ಕನೂ ಬರ್ತಾಳಂತೆ.